ದೊಡ್ಡಪ್ಪನ ಟ್ರಂಕಲ್ಲಿ ಸಿಕ್ಕ 1950-70ರ ಆರ್ಕಿಟೆಕ್ಚರ್ ಪುಸ್ತಕಗಳು: ಯಾವ್ದು ಇಟ್ಕೊಳ್ಳೋದು, ಮಳೆಗಾಲದಲ್ಲಿ ಹೆಂಗೆ ಉಳಿಸೋದು?

ತಾಳಗುಪ್ಪ ಲೋಕಲ್:
ನಮಸ್ಕಾರ ಎಲ್ರಿಗೂ. ಸಾಗರದ ಹತ್ರ ನಮ್ಮ ಮೂಲಮನೆ. ದೊಡ್ಡಪ್ಪ ಹೋದ ವರ್ಷ ತೀರ್ಕೊಂಡ್ರು, ಅವ್ರು ಶರಾವತಿ ಪ್ರಾಜೆಕ್ಟಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೋರು, ಲಿಂಗನಮಕ್ಕಿ ಡ್ಯಾಮ್ ಕಟ್ಟೋ ಕಾಲದಿಂದ ಕಾರ್ಗಲ್ ಕ್ವಾರ್ಟರ್ಸಲ್ಲೇ ಸರ್ವಿಸ್ ಮುಗಿಸಿದ್ರು. ಮೊನ್ನೆ ಮಳೆ ಹಿಡಿಯೋದ್ರೊಳಗೆ ಹಂಚು ಕೈಯಾಡಿಸೋಣ ಅಂತ ಅಟ್ಟ ಖಾಲಿ ಮಾಡ್ತಿದ್ವಿ, ಮೂಲೇಲಿ ಒಂದು ತಗಡಿನ ಟ್ರಂಕ್ ಸಿಕ್ತು. ಹಳೇ ಪಂಚಾಂಗ, ಪಹಣಿ ಏನೋ ಇರ್ಬೇಕು ಅಂದ್ಕೊಂಡು ತೆಗೆದ್ರೆ ಪೂರ್ತಿ ಇಂಗ್ಲಿಷ್ ಪುಸ್ತಕ, ಎಲ್ಲಾ ಮನೆ ಕಟ್ಟೋದು, ಕುರ್ಚಿ ಮೇಜು, ಪ್ಲಾನು ಇದೇ ವಿಷಯ.

ನನಗೆ ಇದ್ರ ಗಂಧಗಾಳಿ ಇಲ್ಲ, ನಾನು ಅಡಿಕೆ ತೋಟ ನೋಡ್ಕೊಂಡಿರೋನು. ಕಂಡಿದ್ದು ಬರೀತೀನಿ. ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಅನ್ನೋರ 'ಟ್ರಾಪಿಕಲ್ ಆರ್ಕಿಟೆಕ್ಚರ್ ಇನ್ ದ ಹ್ಯೂಮಿಡ್ ಝೋನ್', 1956, ಲಂಡನ್. ಲ ಕಾರ್ಬೂಸಿಯೆದು ಅಡ್ಡಡ್ಡ ಉದ್ದ ಇರೋ ಒಂದು ದೊಡ್ಡ ಪುಸ್ತಕ, ಬೆನ್ನ ಮೇಲೆ 1946-1952 ಅಂತ ಇದೆ. ಮಾರ್ಗ್ ಅನ್ನೋ ಪತ್ರಿಕೆ ನಾಲ್ಕು, ಡಿಸೈನ್ ಅಂತ ಇನ್ನೊಂದು ಪತ್ರಿಕೆ ಏಳೆಂಟು. ಕ್ಯಾಲಿಫೋರ್ನಿಯಾ ಮನೆಗಳದ್ದು ಒಂದು, ಮುಂದಿನ ಪುಟಗಳೇ ಇಲ್ಲ. ಆಮೇಲೆ ಕೋನಿಗ್ಸ್‌ಬರ್ಗರ್ ಅನ್ನೋರ ಒಂದು ಪಠ್ಯಪುಸ್ತಕದ ತರದ್ದು. ಫ್ರೈ-ಡ್ರೂ ಪುಸ್ತಕ ಮಾತ್ರ ಅರ್ಧದಿಂದ ಆಚೆ ಪೂರ್ತಿ ಅಂಟ್ಕೊಂಡು ಇಟ್ಟಿಗೆ ಆಗಿದೆ. ಅದ್ರ ತುಂಬ ದೊಡ್ಡಪ್ಪ ಪೆನ್ಸಿಲಲ್ಲಿ ಗೀಚಿದಾರೆ.

ಗುಜರಿಯವ್ನು ಕೆಜಿ ಲೆಕ್ಕ ಹೇಳ್ದ. ದೊಡ್ಡಮ್ಮ ಅಂತೂ "ಬಚ್ಚಲ ಒಲೆಗೂ ಬರಲ್ಲ ಅವು, ಹೊಳೆಯೋ ಕಾಗ್ದ ಸರಿಯಾಗಿ ಉರಿಯಲ್ಲ, ಬೂದಿನೇ ಜಾಸ್ತಿ" ಅಂತ ಹೇಳಿ ಕೈ ತೊಳ್ಕೊಂಡ್ರು. ಎಂತ ಮಾಡ್ಲಿ?

ಗೋಪಿ ಸರ್ಕಲ್ ಗಿರಾಕಿ:
ಗುಜರಿಗೆ ಕೊಟ್ರೆ ನಾನೇ ತಾಳಗುಪ್ಪ ರೈಲು ಹತ್ತಿ ಬಂದು ಜಗಳ ಆಡ್ತೀನಿ ಮಾರಾಯ್ರೆ. ಮೊದ್ಲು ಆ ಟ್ರಂಕಿಂದ ಹೊರಗೆ ತೆಗೀರಿ, ಬಿಸಿಲಿಗೆ ಮಾತ್ರ ಇಡಬೇಡಿ, ನೆರಳಲ್ಲಿ ಗಾಳಿ ಆಡೋ ಕಡೆ. ಫೋಟೋ ಹಾಕಿ.

ಕಾನುಬೇಲಿ:
ತಪ್ಪು ತಿಳ್ಕೋಬೇಡಿ, ಒಂದು ಪ್ರಶ್ನೆ. ಇದ್ರಲ್ಲಿ ಅರ್ಧಕ್ಕರ್ಧ ಪಿಡಿಎಫ್ ಸಿಗುತ್ತೆ. ಗೆದ್ದಲು ತಿನ್ನೋದನ್ನ ಕಾಯ್ಕೊಂಡು ಕೂರೋದ್ಯಾಕೆ? ಅದೂ ಕ್ಯಾಲಿಫೋರ್ನಿಯಾ ಗಾಜಿನ ಮನೆ ಪುಸ್ತಕ. ನಮ್ಮ ತೊಟ್ಟಿಮನೆ ಬಗ್ಗೆ ಆಗಿದ್ರೆ ಒಂದು ಮಾತು.

ಇರುವಂತಿಗೆ:
ತಾಳಗುಪ್ಪ ಅವ್ರೆ, ನಾನು ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರು. ಹನ್ನೆರಡು ವರ್ಷದಿಂದ ಇದೇ ಹುಚ್ಚು ನಂದು, ಚರ್ಚ್ ಸ್ಟ್ರೀಟ್, ಅವೆನ್ಯೂ ರೋಡ್ ಎಲ್ಲಾ ಕಡೆ ಮಂಡಿ ಊರಿ ಹುಡುಕಿದೀನಿ, ನಿಮ್ಮ ಪಟ್ಟಿ ಓದಿ ಹೊಟ್ಟೆ ಉರೀತು ಅಂತ ನೇರವಾಗಿ ಹೇಳ್ಬಿಡ್ತೀನಿ.

ಒಂದೊಂದಾಗಿ ಹೇಳ್ತೀನಿ. ಕಾರ್ಬೂಸಿಯೆ ಅಂದ್ರೆ ಚಂಡೀಗಢ ಪ್ಲಾನ್ ಮಾಡಿದ ಆರ್ಕಿಟೆಕ್ಟ್, ನಿಮ್ಮತ್ರ ಇರೋದು ಅವನ ಸಮಗ್ರ ಕೃತಿಗಳ ಎಂಟು ಸಂಪುಟದಲ್ಲಿ ಐದನೇದು. ಝ್ಯೂರಿಕ್‌ನ ಗಿರ್ಸ್‌ಬರ್ಗರ್ ಅಂತ ಪ್ರಕಾಶಕರು, ಸಂಪಾದಕ ವಿಲ್ಲಿ ಬೋಸಿಗರ್, ಫ್ರೆಂಚು ಇಂಗ್ಲಿಷು ಜರ್ಮನ್ ಮೂರೂ ಭಾಷೇಲಿ ಇರುತ್ತೆ. ಚಂಡೀಗಢದ ಮೊದಲ ಕರಡು ಚಿತ್ರಗಳು ಬರೋದು ಇದ್ರಲ್ಲೇ. ಆದ್ರೆ ಈ ಸಂಪುಟ ಆಮೇಲೆ ಎಷ್ಟೋ ಸಲ ಮರುಮುದ್ರಣ ಆಗಿದೆ, ಬೇರೆ ಪ್ರಕಾಶಕರ ಹೆಸ್ರಲ್ಲೂ. ಹಾಗಾಗಿ ಬೆನ್ನ ಮೇಲಿನ 1952 ನೋಡಿ ಖುಷಿ ಪಡಬೇಡಿ, ಅದು ಒಳಗಿರೋ ಕೆಲಸದ ವರ್ಷ, ಪುಸ್ತಕದ ವಯಸ್ಸಲ್ಲ. ಮೊದಲ ಮುದ್ರಣ 1953. ಹೆಸರಿನ ಪುಟದ ಹಿಂಬದಿ ಸಣ್ಣಕ್ಷರ ಓದಿ ಹೇಳಿ.

ಕ್ಯಾಲಿಫೋರ್ನಿಯಾ ಪುಸ್ತಕ ಎಸ್ತರ್ ಮೆಕಾಯ್ ಬರೆದದ್ದು ಇರ್ಬಹುದು, ಕೇಸ್ ಸ್ಟಡಿ ಹೌಸ್ ಅಂತ ಒಳಗೆ ಇದೆಯಾ ನೋಡಿ. 1945ರಲ್ಲಿ ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್ ಪತ್ರಿಕೆಯ ಜಾನ್ ಎಂಟೆನ್‌ಝಾ ಶುರು ಮಾಡಿದ ಯೋಜನೆ ಅದು. ಯುದ್ಧ ಮುಗಿದ ಮೇಲೆ ಸಾಮಾನ್ಯ ಜನಕ್ಕೆ ಮನೆ ಹೆಂಗಿರ್ಬೇಕು ಅಂತ ಒಳ್ಳೊಳ್ಳೆ ಆರ್ಕಿಟೆಕ್ಟ್‌ಗಳ ಕೈಲಿ ಮಾದರಿ ಮನೆ ಕಟ್ಟಿಸಿದ್ರು, ಅಮೆರಿಕದ ಡಿಸೈನರ್ ಈಮ್ಸ್ ದಂಪತಿಗಳ ಮನೆ ಅದ್ರಲ್ಲಿ ನಂಬರ್ 8. ಮೆಕಾಯ್ ಪುಸ್ತಕ 1962ರಲ್ಲಿ ಬಂದಾಗ 'ಮಾಡರ್ನ್ ಕ್ಯಾಲಿಫೋರ್ನಿಯಾ ಹೌಸಸ್' ಅಂತ ಶುರುವಾಗೋ ಹೆಸರಿತ್ತು, 1977ರಲ್ಲಿ ಬೇರೆಯವ್ರು ಮರುಮುದ್ರಣ ಮಾಡ್ದಾಗ 'ಕೇಸ್ ಸ್ಟಡಿ ಹೌಸಸ್' ಅಂತ ಅಷ್ಟೇ ಉಳೀತು. ಮುಂದಿನ ಪುಟ ಹರಿದಿದ್ರೂ ಒಳಗೆ ಪ್ರತಿ ಪುಟದ ತಲೆ ಮೇಲೆ ಹೆಸರು ಇದೆಯಾ ನೋಡಿ, ಗೊತ್ತಾಗ್ಬಹುದು.

ಡಿಸೈನ್ ಪತ್ರಿಕೆ ಪತ್ವಂತ್ ಸಿಂಗ್ 1957ರಲ್ಲಿ ಶುರು ಮಾಡಿದ್ದು. ಇದನ್ನ ಯಾರೂ ಕೇರ್ ಮಾಡಲ್ಲ, ನನ್ ಪ್ರಕಾರ ನಿಮ್ಮ ಟ್ರಂಕಲ್ಲಿ ಸಿಗೋಕೆ ಕಷ್ಟ ಇರೋದು ಅದೇ. ಕಾರ್ಬೂಸಿಯೆ ದುಡ್ಡಿದ್ರೆ ಎಲ್ಲಿಂದಾದ್ರೂ ತರಿಸ್ಬಹುದು, ಹಳೇ ಭಾರತೀಯ ಪತ್ರಿಕೆಗಳನ್ನ ಎಲ್ಲರೂ ತೂಕಕ್ಕೆ ಹಾಕ್ಬಿಟ್ರು.

ಮಂಡಗದ್ದೆ ಹಕ್ಕಿ:
ಅಕ್ಕಾ ಸೂಪರ್. ನಾನು ಆರ್ಕಿಟೆಕ್ಚರ್ ಓದ್ತಿರೋಳು, ನಾಲ್ಕನೇ ವರ್ಷ, ಶಿವಮೊಗ್ಗ. ಈ ಕಾಲದ ಶೈಲಿಗೆ ಈಗ ಹೇಳೋ ಹೆಸರು ಮಿಡ್ ಸೆಂಚುರಿ ಮಾಡರ್ನ್, ಹಾಗಂತ ಆನ್‌ಲೈನಲ್ಲಿ ಹುಡುಕಿದ್ರೆ ಬರೀ ಕಾಫಿ ಟೇಬಲ್ ಪುಸ್ತಕ ಬರುತ್ತೆ, ಎಲ್ಲಾ ಈಚೆಗೆ ಪ್ರಿಂಟ್ ಆಗಿದ್ದು. ಒರಿಜಿನಲ್ ಹುಡುಕೋದು ಹೆಂಗೆ?

ಇರುವಂತಿಗೆ:
ಆ ಹೆಸರಿಟ್ಟು ಹುಡುಕಿದ್ರೆ ಸಿಗಲ್ಲ ಪುಟ್ಟಾ, ಯಾಕಂದ್ರೆ ಆಗಿನ ಜನ ಆ ಹೆಸರು ಹೆಚ್ಚಾಗಿ ಬಳಸ್ತಿರ್ಲಿಲ್ಲ. ಅದು ಊರಿಗೆಲ್ಲ ಗೊತ್ತಾಗಿದ್ದು 1984ರಲ್ಲಿ ಕಾರಾ ಗ್ರೀನ್‌ಬರ್ಗ್ ಐವತ್ತರ ದಶಕದ ಫರ್ನಿಚರ್ ಮೇಲೆ ಬರೆದ ಪುಸ್ತಕದಿಂದ. ನೀನು 'ಕಂಟೆಂಪರರಿ', 'ಮಾಡರ್ನ್ ಹೌಸ್', 'ಟುಮಾರೋಸ್ ಹೌಸ್', 'ಟ್ರಾಪಿಕಲ್', 'ಲಿವಿಂಗ್ ಸ್ಪೇಸಸ್' ಈ ತರ ಹುಡುಕು. ಅಂಗಡೀಲಿ ಆದ್ರೆ ಆರ್ಟ್ ಸೆಕ್ಷನ್ ಬಿಟ್ಟುಬಿಡು, ಅಲ್ಲಿ ಎಲ್ರೂ ಹುಡುಕಿ ಆಗಿರುತ್ತೆ. ಸಿವಿಲ್ ಇಂಜಿನಿಯರಿಂಗ್, ಹೋಂ ಸೈನ್ಸ್, ತೋಟಗಾರಿಕೆ ಈ ರಾಶಿಗಳಲ್ಲಿ ಕೈ ಹಾಕು. ನನಗೆ ಜಾರ್ಜ್ ನೆಲ್ಸನ್‌ದು 1953ರ 'ಚೇರ್ಸ್' ಸಿಕ್ಕಿದ್ದು ಬಡಗಿ ಕೆಲಸದ ಪುಸ್ತಕಗಳ ಮಧ್ಯೆ.

ಮೋಸ ಹೋದ ಕಥೆನೂ ಕೇಳು. 'ಆರ್ಗ್ಯಾನಿಕ್ ಡಿಸೈನ್ ಇನ್ ಹೋಂ ಫರ್ನಿಶಿಂಗ್ಸ್' ಅಂತ 1941ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ತಂದಿದ್ದು, ಚಾರ್ಲ್ಸ್ ಈಮ್ಸ್ ಮತ್ತು ಎರೋ ಸಾರಿನೆನ್ ಸೇರಿ ಬಹುಮಾನ ಗೆದ್ದ ಕುರ್ಚಿಗಳು ಅದ್ರಲ್ಲಿವೆ. ಒಬ್ಬ ಮಾರೋನು 1941 ಅಂತಾನೇ ಬರ್ದಿದ್ದ, ನಾನೂ ಎರಡು ತಿಂಗಳು ಹೊಸ ಸೀರೆ ಮುಖ ನೋಡ್ದೆ ದುಡ್ಡು ಕೂಡಿಟ್ಟು ತರಿಸ್ದೆ. ಬಂದಿದ್ದು 1969ರ ಆರ್ನೋ ಪ್ರೆಸ್ ಮರುಮುದ್ರಣ. ಒಳಗಿನ ಪುಟಗಳೆಲ್ಲ ಹಳೇದ್ರ ಪಡಿಯಚ್ಚು, ಹೆಸರಿನ ಪುಟದಲ್ಲಿ ಮಾತ್ರ ಆರ್ನೋ ಅಂತ ಇದೆ. ಮಾರೋನಿಗೆ ಫೋನ್ ಮಾಡಿದ್ರೆ "ಮೇಡಂ ಒಳಗೆ 1941 ಅಂತಾನೇ ಇದೆಯಲ್ಲ" ಅಂತ ನನಗೇ ಪಾಠ. ಅವತ್ತಿಂದ ಹೆಸರಿನ ಪುಟ, ಅದ್ರ ಹಿಂಬದಿ ಎರಡರ ಫೋಟೋ ಇಲ್ದೆ ಒಂದು ರೂಪಾಯಿನೂ ಕಳ್ಸಲ್ಲ.

ಹಳೇ ಓವರ್‌ಸಿಯರ್:
ನಾನು ರಿಟೈರ್ಡ್ ಮನುಷ್ಯ, ಟೈಪ್ ನಿಧಾನ, ತಪ್ಪಿದ್ರೆ ಕ್ಷಮಿಸಿ. ಈ ಪುಸ್ತಕಗಳ ಹೆಸರು ಓದಿ ಹಳೇದೆಲ್ಲ ನೆನಪಾಯ್ತು. ನಮ್ಮ ಕಾಲದಲ್ಲಿ ಸಾಹೇಬ್ರ ಮೇಜಿನ ಮೇಲೆ ಇಂಥವು ಇರ್ತಿದ್ವು, ನಾವು ಮುಟ್ಟೋ ಹಾಗಿರ್ಲಿಲ್ಲ. ಆ ಚಿತ್ರ ನೋಡಿ ಅವ್ರು ಕ್ವಾರ್ಟರ್ಸಿಗೆ ಚಪ್ಪಟೆ ಆರ್‌ಸಿಸಿ ತಾರಸಿ ಡಿಸೈನ್ ಮಾಡೋರು, ಮಳೆಗಾಲದಲ್ಲಿ ಸೋರಿದ್ರೆ ಬೈಗುಳ ತಿನ್ನೋರು ನಾವು. ಮಲೆನಾಡಲ್ಲಿ ಚಪ್ಪಟೆ ತಾರಸಿ ಅಂದ್ರೆ ಕೆರೆ ಕಟ್ಟಿದ ಹಾಗೆ. ಈಗ ಹೋಗಿ ನೋಡಿ, ಸಾಗರದಿಂದ ಶೃಂಗೇರಿವರೆಗೆ ಒಂದೊಂದು ತಾರಸಿ ಮೇಲೂ ತಗಡಿನ ಶೀಟು ಹೊದಿಸಿದಾರೆ. ಮಾಡರ್ನ್ ಆರ್ಕಿಟೆಕ್ಚರ್‌ಗೆ ಮಲೆನಾಡು ಕೊಟ್ಟ ಕಾಣಿಕೆ ಆ ಶೀಟು.

ಇನ್ನು ಆ ಜಾಲಿ ಗೋಡೆ. ಸಿಮೆಂಟಿನ ತೂತಿನ ಬ್ಲಾಕು ಇಟ್ಟು ಗಾಳಿ ಬರ್ಲಿ ಅಂತ ಮಾಡೋದು. ಗಾಳಿ ಬರುತ್ತೆ ಸರಿ, ಜೊತೆಗೆ ಎರಚಲೂ ಬರುತ್ತೆ.

ಕಾನುಬೇಲಿ:
ಅದನ್ನೇ ನಾನು ಹೇಳಿದ್ದು. ಲಾಸ್ ಏಂಜಲೀಸಲ್ಲಿ ವರ್ಷಕ್ಕೆ 400 ಮಿ.ಮೀ. ಒಳಗೇ ಮಳೆ. ಆಗುಂಬೆಲಿ ಜುಲೈ ತಿಂಗಳ ಒಂದು ವಾರಕ್ಕೇ ಅದು ಮುಗಿಯುತ್ತೆ. ಅಲ್ಲಿ ಗಾಜಿನ ಮನೆ ಕಟ್ತಾರೆ, ಇಲ್ಲಿ ಅದನ್ನ ನೋಡಿ ನಾವು ಬಾಯಿ ಬಿಡೋದು.

ಮಂಡಗದ್ದೆ ಹಕ್ಕಿ:
ಸಾರ್, ಕಾನುಬೇಲಿ ಅವ್ರೆ, ಇಬ್ರಿಗೂ ಸೇರಿ ಉತ್ತರ. ಫ್ರೈ-ಡ್ರೂ ಪುಸ್ತಕ ಗಾಜಿನ ಮನೆ ಪುಸ್ತಕ ಅಲ್ಲ. ಅವ್ರು ಪಶ್ಚಿಮ ಆಫ್ರಿಕಾದಲ್ಲಿ, ಅಂದ್ರೆ ಈಗಿನ ಘಾನಾ, ನೈಜೀರಿಯಾದಲ್ಲಿ, ಶಾಲೆ ಕಾಲೇಜು ಕಟ್ಟಿ ಬಂದ ಅನುಭವದಿಂದ ಬರೆದದ್ದು, ಆಮೇಲೆ 1951ರಿಂದ ಮೂರು ವರ್ಷ ಚಂಡೀಗಢದಲ್ಲೂ ಇದ್ರು. ಸೆಖೆ ಜೊತೆಗೆ ತೇವ ಇರೋ ಊರಿಗೆ ಗಾಳಿ ಅಡ್ಡಡ್ಡ ಹರಿಯೋ ಹಾಗೆ ಒಂದೇ ಕೋಣೆ ಅಗಲದ ಉದ್ದ ಕಟ್ಟಡ, ಮುಂದೆ ಚಾಚಿದ ಸೂರು, ಬಿಸಿಲು ತಡೆಯೋ ಹಲಗೆ ಇದೇ ಅವ್ರ ವಾದ. ನಮ್ಮ ಜಗಲಿ ಮನೆಗೂ ಇದಕ್ಕೂ ಅಂಥ ದೂರ ಇಲ್ಲ. ಜಾಲಿನೂ ಸೂರು ಸಾಕಷ್ಟು ಚಾಚಿದ್ರೆ ಎರಚಲು ಬರಲ್ಲ ಸಾರ್, ಸೂರಿನ ಖರ್ಚು ಉಳಿಸೋಕೆ ಹೋಗಿ ಕೆಡಿಸೋದು ಕಂಟ್ರಾಕ್ಟರು.

ಹಳೇ ಓವರ್‌ಸಿಯರ್:
ಮಗಾ, ನೀನು ಆಷಾಢದಲ್ಲಿ ಕಾರ್ಗಲ್‌ಗೆ ಬಾ, ಮಳೆ ಮೇಲಿಂದ ಬೀಳುತ್ತೋ ಪಕ್ಕದಿಂದ ಬರುತ್ತೋ ನೋಡುವೆಯಂತೆ. ಆಮೇಲೆ ಸೂರಿನ ಲೆಕ್ಕ ಹಾಕೋಣ.

ಬೂಷ್ಟು ವೈರಿ:
ಎಲ್ಲಾ ಜಗಳ ಆಡ್ತಾ ಇರಿ, ಅಲ್ಲಿ ಪುಸ್ತಕ ಸಾಯ್ತಾ ಇದೆ. ನಾನು ಬೈಂಡಿಂಗ್ ಕೆಲಸದೋನು, ಮೂವತ್ತು ವರ್ಷ ಆಯ್ತು.

ತಾಳಗುಪ್ಪದೋರೆ, ಅಂಟಿರೋ ಪುಸ್ತಕನ ದಯವಿಟ್ಟು ಎಳೀಬೇಡಿ. ಫೋಟೋ ಚೆನ್ನಾಗಿ ಬರ್ಲಿ ಅಂತ ಆಗಿನ ಆರ್ಟ್ ಪೇಪರ್‌ಗೆ ಜೇಡಿಮಣ್ಣಿನ ಲೇಪ ಕೊಟ್ಟಿರ್ತಾರೆ. ನಿಮ್ಮ ದೊಡ್ಡಮ್ಮ ಹೇಳಿದ್ದು ಸರಿನೇ, ಮಣ್ಣು ಇರೋದ್ರಿಂದಲೇ ಅದು ಸರಿಯಾಗಿ ಉರಿಯಲ್ಲ. ಆ ಲೇಪ ನೀರು ಕುಡಿದ್ರೆ ಮೆತ್ತಗಾಗುತ್ತೆ, ಹಾಗೇ ಒಣಗಿದ್ರೆ ಎದುರು ಪುಟಕ್ಕೆ ಅಂಟು ಹಚ್ಚಿದ ಹಾಗೆ. ಒದ್ದೆ ಇದ್ದಾಗಲೇ ಪ್ಲಾಸ್ಟಿಕ್ ಸುತ್ತಿ ಡೀಪ್ ಫ್ರೀಜರಲ್ಲಿ ಇಟ್ಟಿದ್ರೆ ಟೈಮ್ ಸಿಗ್ತಿತ್ತು, ಒಂದೊಂದೇ ಪುಟ ಬಿಡಿಸ್ಬಹುದಿತ್ತು. ಒಣಗಿ ವರ್ಷಗಟ್ಟಲೆ ಆದ್ಮೇಲೆ ನೂರಕ್ಕೆ ತೊಂಬತ್ತು ಬಿಡಲ್ಲ, ಎಳೆದ್ರೆ ಅಕ್ಷರ ಚಿತ್ರ ಎಲ್ಲಾ ಆಚೆ ಪುಟಕ್ಕೆ ಹೋಗುತ್ತೆ. ಅದನ್ನ ಸದ್ಯ ಮರೀರಿ, ಉಳಿದವನ್ನ ನೋಡಿ.

ಬೂಷ್ಟು ಇರೋ ಪುಸ್ತಕ ಮನೆ ಒಳಗೆ ಕೊಡವಬೇಡಿ, ಮೂಗಿಗೆ ಬಟ್ಟೆ ಕಟ್ಕೊಂಡು ಅಂಗಳದಲ್ಲಿ ಒಣ ಬ್ರಶ್ಶಲ್ಲಿ ಒಂದೇ ಕಡೆಗೆ ಒರೆಸಿ. ಒದ್ದೆ ಬಟ್ಟೆ ಬೇಡವೇ ಬೇಡ. ಗಾಳೀಲಿ ತೇವಾಂಶ ಶೇಕಡ 60 ದಾಟದೇ ಇದ್ರೆ ಬೂಷ್ಟು ಹೆಚ್ಚು ಕಮ್ಮಿ ಸುಮ್ನಿರುತ್ತೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ಅದು ಕನಸಿನ ಮಾತು. ಹಾಗಾಗಿ ಪೂರ್ತಿ ಕೋಣೆ ಒಣಗ್ಸೋ ಆಸೆ ಬಿಟ್ಟು ಒಂದು ಡಬ್ಬಿ ಒಣಗ್ಸಿ. ರಬ್ಬರ್ ಪಟ್ಟಿ ಇರೋ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ನೀಲಿ ಬಣ್ಣದ್ದು. ಗುಲಾಬಿ ಆದ್ರೆ ನೀರು ಕುಡಿದು ತುಂಬಿದೆ ಅಂತ ಅರ್ಥ, ಬೇಡದ ಬಾಣಲೇಲಿ ಸಣ್ಣ ಉರೀಲಿ ಕಾಯಿಸಿದ್ರೆ ವಾಪಸ್ ನೀಲಿ, ಆ ಬಾಣಲೆ ಮತ್ತೆ ಅಡುಗೆಗೆ ಬಳಸ್ಬೇಡಿ. ಮುಖ್ಯ ವಿಷ್ಯ, ಪುಸ್ತಕನ ಡಬ್ಬಿಗೆ ಹಾಕೋದು ಮೇ ತಿಂಗಳಲ್ಲೇ, ಒಣಗಿರುವಾಗ. ಜುಲೈಲಿ ಹಾಕಿದ್ರೆ ತೇವನೇ ಪ್ಯಾಕ್ ಮಾಡಿದ ಹಾಗೆ.

ಗೋಪಿ ಸರ್ಕಲ್ ಗಿರಾಕಿ:
ನಮ್ಮಜ್ಜ ಗಾಡ್ರೇಜ್ ಬೀರು ಒಳಗೆ ಸಣ್ಣ ಬಲ್ಬ್ ಉರಿಸಿಡ್ತಿದ್ರು ಮಳೆಗಾಲ ಪೂರ್ತಿ. ತಾಳೆಗರಿ ಕಟ್ಟಿಗೆ ಬಜೆ ಬೇರು ಇಡೋದು ಮಠದಲ್ಲಿ ನೋಡಿದೀನಿ. ಅದು ವರ್ಕ್ ಆಗುತ್ತಾ?

ಬೂಷ್ಟು ವೈರಿ:
ಬಜೆ ವಾಸನೆ ಹುಳಕ್ಕೆ ಆಗಲ್ಲ ಅಂತ ಹಿರಿಯರು ಇಡ್ತಿದ್ರು, ಬೂಷ್ಟಿಗೆ ಅದು ಲೆಕ್ಕಕ್ಕಿಲ್ಲ. ಬಲ್ಬಿನ ಐಡಿಯಾ ಸರಿ, ಆದ್ರೆ ಎಲ್‌ಇಡಿ ಹಾಕಿ ಶಾಖ ಬರ್ಲಿಲ್ಲ ಅನ್ನೋರು ಇದ್ದಾರೆ, ಬಿಸಿ ಆಗ್ಬೇಕಿದ್ದಿದ್ದೇ ಆ ಬಲ್ಬಿನ ಕೆಲಸ.

ಇನ್ನೊಂದು, ಯಾರೂ ಅಡಿಕೆ ಡ್ರೈಯರಿಗೆ ಪುಸ್ತಕ ಹಾಕ್ಬೇಡಿ. ನಗಬೇಡಿ, ಕೊಪ್ಪದ ಕಡೆಯೋರೊಬ್ರು ತಂದಿದ್ರು ನನ್ನತ್ರ, ರಟ್ಟು ಹಪ್ಪಳದ ತರ ಸುರುಳಿ ಸುತ್ಕೊಂಡಿತ್ತು, ಬೆನ್ನಿನ ಗೋಂದು ಪುಡಿಪುಡಿ.

ತಾಳಗುಪ್ಪ ಲೋಕಲ್:
ಡ್ರೈಯರ್ ಯೋಚ್ನೆ ನನಗೂ ಬಂದಿತ್ತು, ಒಳ್ಳೇ ಟೈಮಿಗೆ ಹೇಳಿದ್ರಿ.

ಪುಟ ನೋಡ್ದೆ. ಕಾರ್ಬೂಸಿಯೆ 1953 ಅಂತಾನೇ ಇದೆ, ಗಿರ್ಸ್‌ಬರ್ಗರ್ ಹೆಸರೂ ಇದೆ. ಮೇಲಿನ ಕಾಗದದ ಹೊದಿಕೆ, ಅದೇ ಜಾಕೆಟ್, ಇಲ್ಲ, ಹಿಂದಿನ ರಟ್ಟಿನ ಮೂಲೆ ಇಲಿ ತಿಂದಿದೆ. ಅದ್ರ ಒಳಗೆ ಒಂದು ಚೀಟಿ ಸಿಕ್ತು, ಬೊಂಬಾಯಿ ಪುಸ್ತಕದಂಗಡಿ ಬಿಲ್ಲು, 1966, ವಿಪಿಪಿ (ಅಂಚೇಲಿ ಬಂದಾಗ ದುಡ್ಡು ಕೊಟ್ಟು ಬಿಡಿಸ್ಕೊಳ್ಳೋದು) ಚಾರ್ಜ್ ಬೇರೆ ಸೇರ್ಸಿದಾರೆ. ಅಪ್ಪಯ್ಯ ಹೇಳ್ತಿದ್ರು, ದೊಡ್ಡಪ್ಪ ಒಂದು ವರ್ಷ ದೀಪಾವಳಿಗೆ ಮನೆಗೆ ದುಡ್ಡು ಕಳ್ಸದೇ ದೊಡ್ಡ ರಂಪ ಆಗಿತ್ತು ಅಂತ. ಅದೇ ವರ್ಷನೋ ಏನೋ.

ಆದ್ರೆ ಒಂದು ಮುಜುಗರದ ವಿಷ್ಯ. ಫ್ರೈ-ಡ್ರೂ ಪುಸ್ತಕದಲ್ಲಿ ನೇರಳೆ ಶಾಯಿ ಸೀಲ್ ಇದೆ, ಯಾವ್ದೋ ಡಿವಿಜನ್ ಆಫೀಸಿಂದು, ಅರ್ಧ ಅಳಿಸಿದೆ. ಅಂದ್ರೆ ದೊಡ್ಡಪ್ಪ ವಾಪಸ್ ಕೊಟ್ಟೇ ಇಲ್ಲ.

ಗೋಪಿ ಸರ್ಕಲ್ ಗಿರಾಕಿ:
ಹಹ್ಹಾ. ಸಾಹೇಬ್ರ ಮೇಜಿಂದ ಹಾರಿ ಬಂದಿದ್ದು ಇದೇ ಅಲ್ವಾ ಓವರ್‌ಸಿಯರ್ ಸಾರ್?

ಹಳೇ ಓವರ್‌ಸಿಯರ್:
ನನಗೇನೂ ಗೊತ್ತಿಲ್ಲ. ಆಫೀಸ್ ಮುಚ್ಚುವಾಗ ಲೈಬ್ರರಿ ಬೀರು ಜೊತೆ ಹರಾಜು ಹಾಕಿದ್ದೂ ಉಂಟು. ತೀರಿ ಹೋದೋರ ಮೇಲೆ ತಪ್ಪು ಹೊರಿಸ್ಬಾರ್ದು.

ಇರುವಂತಿಗೆ:
ತಮಾಷೆ ಬಿಟ್ಟು ಹೇಳ್ತೀನಿ, ಸೀಲ್ ವಿಷಯ ಹಗುರ ಅಲ್ಲ. ಲೈಬ್ರರಿ ಸೀಲ್ ಇದ್ದು ಅದ್ರ ಮೇಲೆ ರದ್ದು ಮಾಡಿದ ಗುರುತು ಇಲ್ದಿದ್ರೆ ನಾನು ಕೊಳ್ಳಲ್ಲ, ಯಾವ್ದೋ ಕಾಲೇಜಿಂದ ಎತ್ತಿದ್ದಿರ್ಬಹುದು ಅಂತ. ಚಂಡೀಗಢದ ಕುರ್ಚಿಗಳ ಕಥೆ ಗೊತ್ತಲ್ಲ. ಪಿಯರ್ ಜೀನರೆ ಡಿಸೈನ್ ಮಾಡಿದ ಬೆತ್ತದ ಕುರ್ಚಿಗಳನ್ನ ಆಫೀಸಿನೋರು ಮುರುಕು ಸಾಮಾನು ಅಂತ ಹರಾಜು ಹಾಕಿದ್ರು, ಅವು ವಿದೇಶಿ ಹರಾಜಲ್ಲಿ ಲಕ್ಷಗಟ್ಟಲೆಗೆ ಹೋದ್ವು, ಆಮೇಲೆ ಎಚ್ಚೆತ್ಕೊಂಡು ಮಾರಬಾರದು ಅಂದ್ರು. ತಾಳಗುಪ್ಪ ಅವ್ರು ಮಾರೋಕೆ ಹೊರಟಿಲ್ಲ, ಮನೇಲಿ ಇರೋದು ತಾನೆ, ಇರ್ಲಿ ಬಿಡಿ. ಮಾರೋದಾದ್ರೆ ಮಾತ್ರ ಸೀಲ್ ಮುಚ್ಚಿಡದೇ ಹೇಳಿ.

ರೇಟಿನ ಲೆಕ್ಕದಲ್ಲಂತೂ ಅದು ಸತ್ತ ಪುಸ್ತಕ. ಸೀಲ್, ಪೆನ್ಸಿಲ್ ಗೀಚು, ಅಂಟಿದ ಪುಟ, ಜಾಕೆಟ್ ಇಲ್ಲ. ಡೀಲರ್ ಆದ್ರೆ ಮೂಸಿಯೂ ನೋಡಲ್ಲ.

ಮಂಡಗದ್ದೆ ಹಕ್ಕಿ:
ಅಕ್ಕ, ಆದ್ರೆ ನನಗೆ ಬೇಕಿರೋದು ಅದೊಂದೇ! ಲಂಡನ್ನಲ್ಲಿ ಕ್ಲೀನ್ ಕಾಪಿ ಬೇಕಾದಷ್ಟು ಇರುತ್ತೆ. ಕಾರ್ಗಲ್‌ನಲ್ಲಿ ಕೂತು ಆ ಪುಸ್ತಕದ ಜೊತೆ ವಾದ ಮಾಡಿದ ಡ್ರಾಫ್ಟ್ಸ್‌ಮನ್ ಕಾಪಿ ಒಂದೇ ಇರೋದು. ತಾಳಗುಪ್ಪ ಅಣ್ಣಾ, ಏನು ಬರ್ದಿದಾರೆ ಸ್ವಲ್ಪ ಹೇಳಿ ಪ್ಲೀಸ್. ಕೋನಿಗ್ಸ್‌ಬರ್ಗರ್ ಪುಸ್ತಕದಲ್ಲೂ ಬರ್ದಿದಾರಾ?

ತಾಳಗುಪ್ಪ ಲೋಕಲ್:
ಹೌದು, ಕೋನಿಗ್ಸ್‌ಬರ್ಗರ್ ಪುಸ್ತಕದ ಕೊನೇಲಿ ಖಾಲಿ ಕೋಷ್ಟಕಗಳು ಇವೆ, ಅದನ್ನ ಕನ್ನಡ ಅಂಕಿಲಿ ತುಂಬಿಸಿದಾರೆ, ೧೨, ೭೮ ಹೀಗೆ. ತಿಂಗಳು ತಿಂಗಳು ಉಷ್ಣತೆ, ತೇವಾಂಶ, ಮಳೆ. ಕೆಳಗೆ ಒಂದು ಸಾಲಲ್ಲಿ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್‌ಗೆ ಟಿಕ್, ಅಕ್ಟೋಬರ್ ಪಕ್ಕ ಪ್ರಶ್ನೆ ಗುರುತು. ಎಂತ ಅದು?

ಮಂಡಗದ್ದೆ ಹಕ್ಕಿ:
ಅಯ್ಯೋ ದೇವ್ರೇ. ಅದು ಮಹೋನಿ ಟೇಬಲ್! ನಮಗೆ ಎರಡನೇ ವರ್ಷಕ್ಕೆ ಇತ್ತು. ಒಂದು ಊರಿನ ಹವೆ ಲೆಕ್ಕ ತಿಂಗಳಾವಾರು ತುಂಬಿಸ್ತಾ ಹೋದ್ರೆ ಕಟ್ಟಡ ಉದ್ದಕ್ಕಿರ್ಬೇಕಾ, ಕಿಟಕಿ ಎಷ್ಟು ದೊಡ್ಡದು, ಗೋಡೆ ದಪ್ಪ ಬೇಕಾ ಅಂತ ಕೊನೇಲಿ ಉತ್ತರ ಬರುತ್ತೆ. ತಿಂಗಳಿಗೆ 200 ಮಿ.ಮೀ. ದಾಟಿದ್ರೆ ಮಳೆ ರಕ್ಷಣೆ ಬೇಕು ಅನ್ನೋ ಸಾಲಿಗೆ ಟಿಕ್. ಅಕ್ಟೋಬರ್ ಪ್ರಶ್ನೆ ಗುರುತು ಅಂದ್ರೆ ಒಂದೊಂದು ವರ್ಷ ದಾಟುತ್ತೆ, ಒಂದೊಂದು ವರ್ಷ ಇಲ್ಲ ಅಂತ ಇರ್ಬೇಕು. ಪರೀಕ್ಷೆ ಇಲ್ದೆ ಒಬ್ರು ಮನೇಲಿ ಕೂತು ಇದನ್ನ ತುಂಬಿಸಿದಾರೆ ಅಂದ್ರೆ ನಂಬಕ್ಕಾಗ್ತಿಲ್ಲ.

ಇರುವಂತಿಗೆ:
ಕೋನಿಗ್ಸ್‌ಬರ್ಗರ್ ನಮ್ಮೋರೇ ಅನ್ನಿ. ಬರ್ಲಿನ್ ಮನುಷ್ಯ, ಯಹೂದಿ, ಹಿಟ್ಲರ್ ಕಾಲಕ್ಕೆ ದೇಶ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಆರ್ಕಿಟೆಕ್ಟ್ ಆಗಿ ಬಂದ್ರು, ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಭೌತಶಾಸ್ತ್ರದ ಮ್ಯಾಕ್ಸ್ ಬಾರ್ನ್ ಇವ್ರಿಗೆ ಸೋದರ ಸಂಬಂಧದಲ್ಲಿ ಮಾವ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಐಐಎಸ್‌ಸಿಲಿ, ಇವ್ರ ಕಟ್ಟಡಗಳಿವೆ, ಭುವನೇಶ್ವರದ ಹೊಸ ಊರಿನ ಪ್ಲಾನ್ ಇವ್ರದ್ದೇ. 1951ರಲ್ಲಿ ಭಾರತ ಬಿಟ್ಟು ಲಂಡನ್ನಿಗೆ ಹೋಗಿ ಟ್ರಾಪಿಕಲ್ ಆರ್ಕಿಟೆಕ್ಚರ್ ವಿಭಾಗ ನಡೆಸಿದ್ರು, ಅದಕ್ಕೆ ಇವ್ರಿಗಿಂತ ಮೊದಲು ಮುಖ್ಯಸ್ಥರಾಗಿದ್ದೋರು ಯಾರು ಗೊತ್ತಾ, ಇದೇ ಮ್ಯಾಕ್ಸ್‌ವೆಲ್ ಫ್ರೈ. ಅಂದ್ರೆ ನಿಮ್ಮ ದೊಡ್ಡಪ್ಪನ ಟ್ರಂಕಲ್ಲಿ ಇರೋ ಎರಡು ಪುಸ್ತಕ ಒಂದೇ ಮನೆಯ ಅಣ್ಣತಮ್ಮ ಇದ್ದ ಹಾಗೆ. ಸುಮ್ನೆ ಸಿಕ್ಕಿದ್ದು ಕೂಡಿಟ್ಟಿದ್ದಲ್ಲ ಅವ್ರು, ಹುಡುಕಿ ತರಿಸಿದಾರೆ.

ಹಾಗೆ ನೋಡಿದ್ರೆ ನಾನು ಮೇಲೆ ಹೇಳಿದ ರೇಟಿನ ಮಾತು ವಾಪಸ್ ತಗೋತೀನಿ. ಸತ್ತ ಪುಸ್ತಕ ಅಂದೆ, ಬಾಯಿ ತಪ್ಪಿದ್ದು.

ಕಾನುಬೇಲಿ:
ಸರಿ ಮಾರಾಯ್ರೆ, ಪಿಡಿಎಫ್‌ನಲ್ಲಿ ಈ ಟಿಕ್ ಇರಲ್ಲ, ಒಪ್ಕೊಂಡೆ. ಆದ್ರೆ ಸ್ಕ್ಯಾನ್ ಮಾಡಿ ಇಡಿ, ಟ್ರಂಕ್ ನಂಬ್ಕೊಂಡು ಕೂರಬೇಡಿ. ಮತ್ತೆ ಆ ಮಾರ್ಗ್ ಏನು, ಯಾರೂ ಹೇಳ್ಲೇ ಇಲ್ಲ.

ಇರುವಂತಿಗೆ:
ಮುಲ್ಕ್ ರಾಜ್ ಆನಂದ್ 1946ರಲ್ಲಿ ಬೊಂಬಾಯಲ್ಲಿ ಶುರು ಮಾಡಿದ್ದು. ಈಗ ಎಲ್ರೂ ಶಿಲ್ಪ, ದೇವಸ್ಥಾನದ ಪತ್ರಿಕೆ ಅಂದ್ಕೋತಾರೆ, ಹೆಸರಿನ ಮೂಲ ಮಾತ್ರ ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್. 1961 ಡಿಸೆಂಬರ್ ಸಂಚಿಕೆ ಪೂರ್ತಿ ಚಂಡೀಗಢದ ಮೇಲೆ. ಅದು ಆ ನಾಲ್ಕರಲ್ಲಿ ಇದ್ರೆ ಬೇರೆ ಇಡಿ, ಪಿನ್ ತುಕ್ಕು ಹಿಡಿದಿದ್ರೆ ಬೈಂಡರ್ ಅಣ್ಣನ್ನ ಕೇಳಿ ಮಾಡಿ. ಇನ್ನೊಂದು, ಈಮ್ಸ್ ದಂಪತಿ 1958ರಲ್ಲಿ ಸರ್ಕಾರಕ್ಕೆ ಕೊಟ್ಟ ಇಂಡಿಯಾ ರಿಪೋರ್ಟ್ ಅಂತ ತೆಳ್ಳಗಿನ ಪುಸ್ತಿಕೆ ಇರುತ್ತೆ, ನಮ್ಮ ಚೊಂಬನ್ನ ಹಾಡಿ ಹೊಗಳಿರೋದು. ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿ 1961ರಲ್ಲಿ ಶುರು ಆಗಿದ್ದು ಆ ವರದಿಯಿಂದಲೇ. ತೆಳ್ಳಗಿರೋದ್ರಿಂದ ಬೇರೆ ಪುಸ್ತಕದ ಮಧ್ಯೆ ಸೇರ್ಕೊಂಡಿರುತ್ತೆ, ಎಲ್ಲಾ ಕೊಡವಿ ನೋಡಿ.

ತಾಳಗುಪ್ಪ ಲೋಕಲ್:
ಕೊಡವಿದೆ. ಈಮ್ಸ್ ಸಿಗ್ಲಿಲ್ಲ, ಒಣಗಿದ ಹಲ್ಲಿ ಒಂದು ಸಿಕ್ತು. ಚಂಡೀಗಢ ಸಂಚಿಕೆ ಇದೆ. ಪಿನ್ ತುಕ್ಕು ಹಿಡಿದಿದೆ.

ಬೂಷ್ಟು ವೈರಿ:
ಪಿನ್ ಹಿಂದಿಂದ ಬಿಡಿಸಿ ನಿಧಾನ ತೆಗೀರಿ, ಎಳೀಬೇಡಿ. ಅದೇ ತೂತಲ್ಲಿ ದಾರ ಹಾಕಿ ಮೂರು ಹೊಲಿಗೆ. ಸೆಲ್ಲೋಟೇಪ್ ಹಚ್ಚಿದ್ರೆ ನನ್ನತ್ರ ಮಾತಾಡ್ಬೇಡಿ.

ತಾಳಗುಪ್ಪ ಲೋಕಲ್:
ಎರಡು ತಿಂಗಳಾದ್ಮೇಲೆ ಬರೀತಿದೀನಿ, ಮಳೆಲಿ ಕರೆಂಟು ನೆಟ್ವರ್ಕು ಎರಡೂ ಇರ್ಲಿಲ್ಲ. ಎಲ್ಲಾ ಡಬ್ಬೀಲಿ ಸೇಫಾಗಿದೆ, ಸಿಲಿಕಾ ಒಂದ್ಸಲ ಕಾಯ್ಸಿದೆ, ದೊಡ್ಡಮ್ಮ ಇದೆಂತ ನೀಲಿ ಸಾಬಕ್ಕಿ ಹುರೀತಿದೀಯ ಅಂದ್ರು.

ಅಂಟಿದ ಪುಸ್ತಕ ನಾನು ಎಳೀಲಿಲ್ಲ, ದೇವ್ರಾಣೆ. ಆದ್ರೆ ಮೇಲಿನ ಮೂಲೇಲಿ ಎರಡು ಹಾಳೆ ಮಧ್ಯೆ ಬೆರಳ ತುದಿ ಅಷ್ಟು ಸಂದು ಇದೆ, ಟಾರ್ಚ್ ಹಾಕಿ ಇಣುಕಿದ್ರೆ ಯಾವ್ದೋ ಶಾಲೆ ಫೋಟೋ, ಉದ್ದಕ್ಕೂ ತೂತಿನ ಗೋಡೆ, ಅದ್ರ ಪಕ್ಕದಲ್ಲಿ ದೊಡ್ಡಪ್ಪನ ಅಕ್ಷರ ಕಾಣುತ್ತೆ. "ನಮ್ಮಲ್ಲಿ ಎರಚಲು ಒಳಗೆ ಬ" ಅಷ್ಟೇ. ಮುಂದಿಂದು ಅಂಟಿದ ಕಡೆ ಹೋಗಿದೆ.

ಹಳೇ ಓವರ್‌ಸಿಯರ್:
ಬರುತ್ತೆ. ಅದನ್ನೇ ಬರ್ದಿರೋದು, ನಾನು ಸಹಿ ಹಾಕಿ ಕೊಡ್ತೀನಿ.

ಮಂಡಗದ್ದೆ ಹಕ್ಕಿ:
ಬರಲ್ಲ ಅಂತನೂ ಇರ್ಬಹುದಲ್ಲ ಸಾರ್! ಅಣ್ಣಾ, ಆ ಫೋಟೋದಲ್ಲಿ ಸೂರು ಎಷ್ಟು ಚಾಚಿದೆ ಕಾಣುತ್ತಾ?

ತಾಳಗುಪ್ಪ ಲೋಕಲ್:
ಸೂರು ಅಂಟಿದ ಕಡೆಗಿದೆ, ಕಾಣಲ್ಲ. ನಿಮ್ಮಿಬ್ರ ಜಗಳ ದೊಡ್ಡಮ್ಮಂಗೆ ಓದಿ ಹೇಳ್ದೆ. ಕವಳ ಹಾಕ್ತಾ ಕೂತಿದ್ರು, ತಲೆ ಎತ್ತದೇ ಅಂದ್ರು: "ಕ್ವಾರ್ಟರ್ಸ್ ಅಡುಗೆ ಮನೆ ಜಾಲಿಗೆ ಪ್ರತಿ ಜೂನಲ್ಲೂ ಗೋಣಿ ತಾಟು ಕಟ್ತಾ ಇದ್ದಿದ್ದು ಯಾರು ಅಂದ್ಕೊಂಡ್ಯ?"